ಕಾಕಾ ಕುಡಿದಿರಲಿಲ್ಲ

ಹೋದ ವರ್ಷ ಗಣೇಶನ ಹಬ್ಬ ಮುಗಿದು ವಾರ ಕಳೆದಿತ್ತು. ಊರಿಂದ ಚಿಗವ್ವ ಫೋನ್ ಮಾಡಿದರು. "ನಿಮ್ಮ ಕಾಕಾ ಹೆಂಗೆಂಗರ ಮಾತಾಡಾಕತ್ತಾರ ನೋಡಪಾ. ನನ್ನ ಮುಖಾ ನೋಡಿ ಅವ್ವಾ ಅಂತಾರ." ನಾನು ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದೆ. ಬಾಯಿಗೆ ಮೊದಲು ಬಂದದ್ದು, "ಕುಡದಾರೇನ ಚಿಗವ್ವಾ?"

ಆ ಕಡೆ ಮಾತಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, "ಎಲ್ಲಾರೂ ಅದನ್ನ ಕೇಳ್ತಾರ" ಅಂದರು.

ಕಾಕಾ ಸಂತೆ ದಿನ ಒಂದಿಷ್ಟು ಕುಡಿಯುತ್ತಿದ್ದದ್ದು ನಿಜ. ಹಾಗಾಗಿ ನಮಗೆಲ್ಲ ಉತ್ತರ ರೆಡಿ ಇತ್ತು. ಮೂರು ದಿನದಿಂದ ಜ್ವರ ಬಂದು ಮಲಗಿದ ಮನುಷ್ಯ ಎದ್ದು ಹೋಗಿ ಎಲ್ಲಿ ಕುಡಿಯುತ್ತಾನೆ ಅಂತ ಯಾರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. "ರಾತ್ರಿ ಮಲಗಲಿ, ಮುಂಜಾನೆ ಸರಿ ಹೋಗ್ತಾರ" ಅಂತ ಹೇಳಿ ಫೋನ್ ಇಟ್ಟೆ. ಆ ಮಾತು ಈಗಲೂ ಗಂಟಲಲ್ಲಿ ಮುಳ್ಳಿನ ಹಾಗೆ ಇದೆ.

ನಮ್ಮೂರು ಹಾನಗಲ್ ತಾಲೂಕು. ಅತ್ತ ಮಲೆನಾಡೂ ಅಲ್ಲ, ಇತ್ತ ಬಯಲುಸೀಮೆಯೂ ಅಲ್ಲ. ಕಾಕಾಗೆ ಕೆರೆ ಕೆಳಗೆ ಎರಡು ಎಕರೆ ಭತ್ತದ ಗದ್ದೆ ಇದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಬರೋದು ರಾತ್ರಿ. ಅದಕ್ಕೇ ಊಟ ಮಾಡಿ, ಬ್ಯಾಟರಿ ಹಿಡಿದು, ಲುಂಗಿ ಮೇಲಕ್ಕೆ ಕಟ್ಟಿ ಹೊರಡುತ್ತಿದ್ದರು. ನೀರು ತಿರುವಿ ಬದುವಿನ ಮೇಲೆ ಬೀಡಿ ಸೇದುತ್ತಾ ಕೂತರೆ ಕಾಲ ತುಂಬಾ ಗುಂಗಾಡು. ಅದೇನು ದೊಡ್ಡ ವಿಷಯ ಅಂತ ಯಾರಿಗೂ ಅನಿಸುತ್ತಿರಲಿಲ್ಲ. ರೈತನಿಗೆ ಸೊಳ್ಳೆ ಕಚ್ಚೋದು ಸುದ್ದಿಯೇ ಅಲ್ಲ ಅಲ್ವಾ?

ಜ್ವರ ಬಂದ ಎರಡನೇ ದಿನ ಊರ ಡಾಕ್ಟರು ಇಂಜೆಕ್ಷನ್ ಮಾಡಿ ಸಲೈನ್ ಹಚ್ಚಿದ್ದರು. ರಕ್ತ ತಪಾಸಣೆಯಲ್ಲಿ ಡೆಂಗಿ ಇಲ್ಲ, ಮಲೇರಿಯಾ ಇಲ್ಲ, ವಿಡಾಲ್ ಮಾತ್ರ ಪಾಸಿಟಿವ್. ಟೈಫಾಯ್ಡ್ ಅಂತ ತೀರ್ಮಾನವಾಯಿತು. ಈ ವಿಡಾಲ್ ಟೆಸ್ಟಿನ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಹಿಂದೆ ಯಾವಾಗಲೋ ಟೈಫಾಯ್ಡ್ ಬಂದು ಹೋಗಿದ್ದರೂ ಅದು ಪಾಸಿಟಿವ್ ತೋರಿಸಬಹುದು. ಒಂದು ಹೆಸರು ಸಿಕ್ಕಿತು ಅಂದರೆ ಎಲ್ಲರೂ ನಿರಾಳ, ಬೇರೆ ಏನನ್ನೂ ಹುಡುಕುವುದಿಲ್ಲ.

ನಾನು ಫೋನ್ ಇಟ್ಟ ಮರುದಿನ ಮುಂಜಾನೆ ಕಾಕಾ ಸರಿ ಹೋಗಲಿಲ್ಲ. ನನ್ನ ತಮ್ಮ ಹೇಳಿದ ಪ್ರಕಾರ, ಚಹಾದ ಬಸಿಯನ್ನು ಬಾಯಿಗೆ ಒಯ್ಯುವ ಬದಲು ಕಿವಿ ಹತ್ತಿರ ಹಿಡಿದರಂತೆ. ಯಾರೋ ಗಾಳಿ ಬಡಿದಿದೆ ಅಂದರು, ಅಂತ್ರ ಕಟ್ಟಿಸಿದರು. ಮಧ್ಯಾಹ್ನ ಕೈಕಾಲು ಸೆಟೆದು ಫಿಟ್ಸ್ ಬಂತು. ಕೈಗೆ ಕಬ್ಬಿಣದ ಕೀಲಿ ಕೊಟ್ಟರು, ಮೂಗಿಗೆ ಉಳ್ಳಾಗಡ್ಡಿ ಹಿಡಿದರು. ಒಂದು ನಿಂತು ಎಚ್ಚರಾಗುವ ಮೊದಲೇ ಇನ್ನೊಂದು ಬಂತು. ಆಗ 108ಕ್ಕೆ ಫೋನ್ ಹೋಯಿತು. ಬಂಕಾಪುರ, ಶಿಗ್ಗಾವಿ ದಾಟಿ ಹುಬ್ಬಳ್ಳಿಗೆ ಕರೆತರುವ ಹೊತ್ತಿಗೆ ಕತ್ತಲಾಗಿತ್ತು. ಸ್ಟ್ರೆಚರ್ ಮೇಲಿದ್ದವರು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದ ಕಾಕಾ ಅಂತ ನಂಬೋಕೇ ಆಗಲಿಲ್ಲ.

ಆಸ್ಪತ್ರೆಯಲ್ಲಿ ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟರ್ ಇದ್ದರು. ಕುಡಿತದ ಮಾತು ಎತ್ತಿದ ಕೂಡಲೇ ತಡೆದು, "ಜ್ವರ ಮೊದಲೋ ಈ ಥರ ಮಾತು ಮೊದಲೋ, ಅದನ್ನ ಹೇಳ್ರಿ" ಅಂದರು. ಜ್ವರ ಮೊದಲು ಅಂದೆವು. ಅವರಿಗೆ ಅಷ್ಟು ಸಾಕಾಗಿತ್ತು. ಜ್ವರ ಬಂದು, ಅದರ ಜೊತೆ ಮಾತು, ನಡವಳಿಕೆ, ಎಚ್ಚರ ತಪ್ಪಿದರೆ ಅಥವಾ ಹೊಸದಾಗಿ ಫಿಟ್ಸ್ ಬಂದರೆ ಮೊದಲು ಅನುಮಾನ ಪಡಬೇಕಾದ್ದು ಮೆದುಳನ್ನು. ವಯಸ್ಸು ಎಷ್ಟೇ ಇರಲಿ.

ಬೆನ್ನಿನ ನೀರು ತೆಗೀಬೇಕು ಅಂದಾಗ ದೊಡ್ಡ ಗಲಾಟೆಯಾಯಿತು. "ಬೆನ್ನಾಗಿನ ನೀರ ತಗದ್ರ ಸೊಂಟಾನ ಹೋಗತೈತಿ" ಅಂತ ಸೋದರತ್ತೆ ಅಳೋಕೆ ಶುರು ಮಾಡಿದರು. ಹಾಗೇನೂ ಆಗಲ್ಲ. ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ ಸೂಜಿ ಹಾಕುತ್ತಾರೆ. ಆದರೆ ಸಹಿ ಮಾಡಿಸಲು ಒಂದು ತಾಸು ಹೋಯಿತು. ಎಂಆರ್‌ಐನಲ್ಲಿ ಮೆದುಳಿನ ನಡುವೆ ಇರುವ ಥಲಾಮಸ್ ಎರಡೂ ಕಡೆ ಊದಿಕೊಂಡಿತ್ತು. ಬೆನ್ನಿನ ನೀರಿನಲ್ಲಿ, ವೈರಸ್ಸಿನ ವಿರುದ್ಧ ದೇಹವೇ ತಯಾರಿಸುವ ಐಜಿಎಂ ಅನ್ನೋ ಪ್ರತಿಕಾಯ ಸಿಕ್ಕಿತು ಅಂತ ರಿಪೋರ್ಟ್ ಬಂದದ್ದು ಕೆಲವು ದಿನಗಳ ನಂತರ. ಜಪಾನೀಸ್ ಎನ್ಸೆಫಲೈಟಿಸ್. ನಮ್ಮ ಭಾಷೆಯಲ್ಲಿ ಮೆದುಳು ಜ್ವರ.

"ನಾವು ಧರ್ಮಸ್ಥಳ ಬಿಟ್ಟು ಎಲ್ಲೂ ಹೋಗಿಲ್ಲರೀ, ಜಪಾನ್ ಎಲ್ಲಿಂದ ಬಂತು?" ಅಂತ ಚಿಗವ್ವ ಡಾಕ್ಟರಿಗೇ ಕೇಳಿದರು. ಆ ದುಃಖದಲ್ಲೂ ನರ್ಸ್‌ಗೆ ನಗು ತಡೆಯಲಾಗಲಿಲ್ಲ. ಪ್ರಶ್ನೆ ಮಾತ್ರ ಸರಿಯಾಗಿಯೇ ಇತ್ತು. ಜಪಾನಿನಲ್ಲಿ 1871ರಲ್ಲೇ ಇದನ್ನು ಗುರುತಿಸಿದ್ದರು, ವೈರಸ್ ಪ್ರತ್ಯೇಕವಾಗಿ ಸಿಕ್ಕಿದ್ದು 1935ರಲ್ಲಿ, ಹೆಸರು ಹಾಗೇ ಉಳಿಯಿತು. ನಮ್ಮ ದೇಶದ ಮೊದಲ ರೋಗಿಗಳು ಪತ್ತೆಯಾದದ್ದು 1955ರಲ್ಲಿ, ವೆಲ್ಲೂರಿನ ಕಡೆ. ಅಂದರೆ ಇದು ಬಂದು ಎಷ್ಟೋ ಕಾಲವಾಗಿದೆ.

ಐಸಿಯು ಹೊರಗಿನ ಬೆಂಚಿನ ಮೇಲೆ ಕೂತು ಮೊಬೈಲ್‌ನಲ್ಲಿ ಓದಿ, ಡಾಕ್ಟರನ್ನು ಕಾಡಿ ಕೇಳಿ ತಿಳಿದದ್ದು ಇಷ್ಟು. ಕ್ಯೂಲೆಕ್ಸ್ ಜಾತಿಯ ಸೊಳ್ಳೆ ಗದ್ದೆಯ ನಿಂತ ನೀರಿನಲ್ಲಿ ಹುಟ್ಟುತ್ತದೆ. ಬೆಳ್ಳಕ್ಕಿ, ಕೊಕ್ಕರೆಯಂಥ ಹಕ್ಕಿಗಳಲ್ಲಿ ವೈರಸ್ ಇರುತ್ತದೆ, ಹಂದಿಯ ರಕ್ತದಲ್ಲಿ ಭರ್ಜರಿ ಬೆಳೆಯುತ್ತದೆ. ಆ ರಕ್ತ ಕುಡಿದ ಸೊಳ್ಳೆ ಆಮೇಲೆ ನಮ್ಮನ್ನು ಕಚ್ಚುತ್ತದೆ. ಜ್ವರ ಬರೋದು 5ರಿಂದ 15 ದಿನದ ಮೇಲೆ. ಮನುಷ್ಯನ ರಕ್ತದಲ್ಲಿ ಇನ್ನೊಂದು ಸೊಳ್ಳೆಗೆ ಅಂಟುವಷ್ಟು ವೈರಸ್ ಏರುವುದಿಲ್ಲ. ಹೀಗಾಗಿ ಕಾಕಾನಿಂದ ಯಾರಿಗೂ ಬರುವಂಥದ್ದಲ್ಲ. ಆದರೂ ಊರಲ್ಲಿ ಎರಡು ಮನೆಯವರು ತಿಂಗಳುಗಟ್ಟಲೆ ನಮ್ಮ ಅಂಗಳಕ್ಕೆ ಕಾಲಿಡಲಿಲ್ಲ.

ವೈರಸ್ ಹೊಕ್ಕವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಸುಮಾರು 250ರಲ್ಲಿ ಒಬ್ಬರಿಗೆ ಮಾತ್ರ ಮೆದುಳಿಗೆ ಏರುತ್ತದೆ. ಹಾಗೆ ಏರಿದವರಲ್ಲಿ 100ಕ್ಕೆ 30 ಜನರವರೆಗೂ ಸಾಯಬಹುದು, ಉಳಿದವರಲ್ಲೂ ಬಹಳ ಜನ ಪೂರ್ತಿ ಮೊದಲಿನಂತೆ ಆಗುವುದಿಲ್ಲ. ಇದನ್ನು ಕೊಲ್ಲುವ ಔಷಧಿ ಇಲ್ಲ. ಫಿಟ್ಸ್ ನಿಲ್ಲಿಸುವುದು, ಮೆದುಳಿನ ಬಾವು ಇಳಿಸುವುದು, ಉಸಿರಾಟ ಕಾಯುವುದು, ಅಷ್ಟೇ. ಕಾಕಾಗೆ ಮೊದಲ ದಿನದಿಂದಲೇ ಅಸೈಕ್ಲೋವಿರ್ ಕೊಟ್ಟಿದ್ದರು. ಅದು ಈ ರೋಗಕ್ಕಲ್ಲ. ಹರ್ಪಿಸ್ ವೈರಸ್ಸಿನಿಂದ ಬರುವ ಮೆದುಳು ಜ್ವರವೂ ನೋಡೋಕೆ ಹೀಗೇ ಇರುತ್ತದೆ, ಅದಕ್ಕೆ ಔಷಧಿ ಇದೆ, ರಿಪೋರ್ಟ್ ಬರುವವರೆಗೆ ಕಾಯುತ್ತಾ ಕೂತರೆ ಆ ಅವಕಾಶವೂ ಕೈತಪ್ಪುತ್ತದೆ ಅಂತ. ಬೇಗ ಕರೆತನ್ನಿ ಅಂತ ಯಾಕೆ ಬಡಿದುಕೊಳ್ಳುತ್ತಾರೆ ಅಂತ ನನಗೆ ಆಗ ಅರ್ಥವಾಯಿತು.

ಇದು ಮಕ್ಕಳ ರೋಗ ಅಂತಲೇ ನಾವೆಲ್ಲ ತಿಳಿದಿದ್ದೆವು. ತಪ್ಪು ಅಂತಲೂ ಅಲ್ಲ, ಹೆಚ್ಚಾಗಿ ಬರೋದು ಮಕ್ಕಳಿಗೇ. 2022ರ ಡಿಸೆಂಬರ್‌ನಲ್ಲಿ ರಾಜ್ಯದ 10 ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಲಸಿಕೆ ಹಾಕಿದರಲ್ಲ, ಅದರಲ್ಲಿ ನಮ್ಮ ಹಾವೇರಿ, ಗದಗ ಎರಡೂ ಇದ್ದವು. ಮೊಮ್ಮಗನ ಕೈ ಹಿಡಿದು ಶಾಲೆಗೆ ಕರೆದುಕೊಂಡು ಹೋದದ್ದು ಇದೇ ಕಾಕಾ. "ನನಗೂ ಒಂದ ಚುಚ್ಚಿಬಿಡವಾ ತಂಗಿ" ಅಂತ ಆಶಾ ಕಾರ್ಯಕರ್ತೆಗೆ ಚಾಷ್ಟಿ ಮಾಡಿದ್ದರಂತೆ. "ಇದು ಸಣ್ಣ ಹುಡುಗರಿಗೆ ಅಷ್ಟರೀ ಕಾಕಾ" ಅಂದಳಂತೆ ಆಕೆ. ಅಸ್ಸಾಂ, ಉತ್ತರ ಪ್ರದೇಶ, ಪಶ್ಚಿಮ ಬಂಗಾಳದ ರೋಗ ಜಾಸ್ತಿ ಇರುವ ಕೆಲವು ಜಿಲ್ಲೆಗಳಲ್ಲಿ ದೊಡ್ಡವರಿಗೂ ಹಾಕಿದ್ದಾರೆ. ಇನ್ನೊಂದು ಮಾತು, ನಮ್ಮ ದೇಶದಲ್ಲೇ ತಯಾರಾದ ಜೆನ್ವ್ಯಾಕ್ ಲಸಿಕೆಗೆ ಮೂಲವಾದ ವೈರಸ್ ಸಿಕ್ಕಿದ್ದು 1981ರಲ್ಲಿ ಕೋಲಾರದ ಒಬ್ಬ ರೋಗಿಯಲ್ಲಿ. ಕನ್ನಡ ನಾಡಿನ ರೋಗಿಯಿಂದ ಬಂದ ಲಸಿಕೆ ಮೊಮ್ಮಗನನ್ನು ಕಾಯುತ್ತಿದೆ, ಅಜ್ಜನಿಗೆ ಮಾತ್ರ ಸರದಿ ಬರಲಿಲ್ಲ.

ಡ್ರಮ್ಮಿನ ನೀರು ಚೆಲ್ಲಿ, ಟೈರು ಒಗೆಯಿರಿ ಅಂತ ಹೇಳುತ್ತಾರಲ್ಲ, ಅದು ಡೆಂಗಿಗೆ. ಗದ್ದೆಯನ್ನು ಎಲ್ಲಿ ಚೆಲ್ಲೋದು? ಗದ್ದೆಗೆ ಸದಾ ನೀರು ನಿಲ್ಲಿಸದೆ ನಡುನಡುವೆ ಒಣಗಲು ಬಿಟ್ಟರೆ ಸೊಳ್ಳೆಯ ಮರಿ ಕಡಿಮೆಯಾಗುತ್ತವೆ. ಹಂದಿಯ ಗೂಡು ಮನೆಯಿಂದ ದೂರ ಇರಬೇಕು. ಈ ಸೊಳ್ಳೆ ಕಚ್ಚುವುದು ಸಂಜೆಯಿಂದ ಬೆಳಗಿನವರೆಗೆ, ಆದ್ದರಿಂದ ಮಲಗುವಾಗ ಪರದೆ, ಹೊಲಕ್ಕೆ ಹೋಗುವಾಗ ತುಂಬು ತೋಳಿನ ಅಂಗಿ, ಪ್ಯಾಂಟು. ಈಗ ತಮ್ಮ ಹಾಗೇ ಹೋಗುತ್ತಾನೆ. ಜೊತೆಯ ಹುಡುಗರು "ಏನ್ಲೇ, ಮದಿವಿಗೆ ಹೊಂಟಿ ಏನ?" ಅಂತ ನಗುತ್ತಾರೆ.

ಕಾಕಾ 26 ದಿನದ ಮೇಲೆ ಮನೆಗೆ ಬಂದರು. ಈಗ ಕೋಲು ಹಿಡಿದು ನಡೆಯುತ್ತಾರೆ. ಬಲಗೈ ನಡುಗುತ್ತದೆ. ಮುಖ ಬಿಗಿದುಕೊಂಡಿದೆ, ನಗು ಬಂದರೂ ಅದು ತುಟಿಯವರೆಗೆ ಬರುವುದಿಲ್ಲ, ಪಾರ್ಕಿನ್ಸನ್ ಬಂದವರ ಹಾಗೆ. ಥಲಾಮಸ್ ಸುತ್ತಮುತ್ತ ಪೆಟ್ಟಾದರೆ ಹೀಗಾಗುತ್ತದಂತೆ. ನೂರರ ನೋಟು ಎಣಿಸುವಾಗ ತಪ್ಪುತ್ತಾರೆ. ತಪ್ಪಿದ್ದು ಗೊತ್ತಾಗಿ ಮತ್ತೆ ಮೊದಲಿಂದ ಎಣಿಸುತ್ತಾರೆ. ಸಂತೆಯ ಕುಡಿತ ಬಿಟ್ಟುಹೋಗಿದೆ, ಅದರ ನೆನಪೇ ಇದ್ದಂತಿಲ್ಲ.

ಹೊಲದ ನೆನಪು ಮಾತ್ರ ಗಟ್ಟಿ ಇದೆ. ರಾತ್ರಿ ಕರೆಂಟ್ ಬಂದು ಮನೆಯ ಫ್ಯಾನ್ ಜೋರಾದ ಕೂಡಲೇ ಎದ್ದು ಕೂರುತ್ತಾರೆ. ದಿಂಬಿನ ಕೆಳಗೆ ಬ್ಯಾಟರಿ ತಡಕಾಡುತ್ತಾರೆ. ಚಿಗವ್ವ ಅದನ್ನು ಜೋಳದ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಾರೆ. ಹೋದ ಭಾನುವಾರ ನಾನು ಅಲ್ಲೇ ಪಡಸಾಲೆಯಲ್ಲಿ ಮಲಗಿದ್ದೆ. ಕತ್ತಲಲ್ಲಿ ಸಣ್ಣ ದನಿ ಬಂತು, "ನೀರ ತಿರುವಿದ್ರೇನೋ?" ತಮ್ಮ ಹೋಗ್ಯಾನ ಕಾಕಾ, ನೀವು ಮಲಗ್ರಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮತ್ತೆ, "ಕೆಳಗಿನ ಮಡಿಗೆ?"