ಅಂಗಡಿಯ ಮುಂದಿನ ಐವತ್ತು ಹೆಜ್ಜೆ

ಕಾರವಾರದಲ್ಲಿ ಸಾಕುಪ್ರಾಣಿಗಳ ಸಾಮಾನು ಮಾರುವ ಅಂಗಡಿಯೊಂದರ ಕೌಂಟರಿನ ಹಿಂದೆ ನಾನು ನಿಲ್ಲತೊಡಗಿ ಏಳು ವರ್ಷಗಳಾದವು. ನಮ್ಮಲ್ಲಿ ನಾಯಿಯ ಕುತ್ತಿಗೆಗೆ ಕಟ್ಟುವುದು ‘ಬೆಲ್ಟ್’, ಕೈಯಲ್ಲಿ ಹಿಡಿಯುವುದು ‘ಚೈನು’. ನೈಲಾನಿನದಾದರೂ ಹತ್ತಿಯ ಹಗ್ಗವಾದರೂ ಅದು ಚೈನೇ. ಬಾಗಿಲಲ್ಲಿ ಚಪ್ಪಲಿಯ ಮರಳು ಕೊಡವುತ್ತ ಗಿರಾಕಿ ಆಡುವ ಮೊದಲ ಮಾತೂ ಹೆಚ್ಚುಕಡಿಮೆ ಒಂದೇ: “ನಾಯಿ ಬಹಳ ಎಳೆಯುತ್ತದೆ, ಗಟ್ಟಿಯಾದದ್ದು ಕೊಡಿ.” ಮೊದಲ ಎರಡು ವರ್ಷ ನಾನು ಗಟ್ಟಿಯಾದದ್ದನ್ನೇ ಕೊಟ್ಟೆ.

ಲೆಕ್ಕ ಸುಲಭವಿತ್ತು. ಸ್ವಲ್ಪ ಎಳೆದರೆ ಅಗಲದ ಬೆಲ್ಟ್, ಬಹಳ ಎಳೆದರೆ ಚೋಕ್ ಚೈನ್, ಅದಕ್ಕೂ ಬಗ್ಗದಿದ್ದರೆ ಒಳಮುಖವಾಗಿ ಕಬ್ಬಿಣದ ಹಲ್ಲುಗಳಿರುವ ಪ್ರಾಂಗ್ ಕಾಲರ್. ಜ್ವರ ಇಳಿಯಲಿಲ್ಲವೆಂದು ಮಾತ್ರೆಯ ಮಿಲಿಗ್ರಾಂ ಏರಿಸಿದ ಹಾಗೆ. ನಾಯಿಯನ್ನು ಕರೆತನ್ನಿ ಎಂದು ಒಬ್ಬರಿಗೂ ಹೇಳಿದವನಲ್ಲ. ಕರೆತಂದರೆ ಬಿಸ್ಕತ್ತಿನ ಡಬ್ಬಗಳನ್ನು ಉರುಳಿಸುತ್ತದೆ ಎಂಬ ಭಯ ಬೇರೆ.

ಕೋಡಿಬಾಗದ ಕಡೆಯ ನಿವೃತ್ತ ಮಾಸ್ತರರೊಬ್ಬರು ತಮ್ಮ ಲ್ಯಾಬ್ರಡಾರಿಗೆ ಚೋಕ್ ಚೈನ್ ಒಯ್ದಿದ್ದರು. ತಿಂಗಳ ಬಳಿಕ ಬಂದು ಅದನ್ನು ಕೌಂಟರಿನ ಗಾಜಿನ ಮೇಲೆ ಮೆಲ್ಲಗೆ ಇಟ್ಟರು. ಬೈಯಲಿಲ್ಲ. ನಾಯಿ ಕೆಮ್ಮುತ್ತಲೇ ಇದೆ, ಕುತ್ತಿಗೆಯ ಸುತ್ತ ಕೂದಲು ಉದುರಿ ಚರ್ಮ ಕೆಂಪಾಗಿದೆ, ಮೊದಲು ಇದನ್ನು ತೆಗೆಯಿರಿ ಎಂದು ಪಶುವೈದ್ಯರು ಹೇಳಿದ್ದಾರೆ ಎಂದರು. ಆಮೇಲೆ ಕೇಳಿದರು: “ಇದನ್ನು ಹಾಕುವುದಕ್ಕೂ ಒಂದು ದಿಕ್ಕು ಇದೆಯಂತಲ್ಲ, ನಿನಗೆ ಗೊತ್ತಿತ್ತೇ?”

ಗೊತ್ತಿರಲಿಲ್ಲ. ಅದುವರೆಗೆ ಎಷ್ಟು ಚೈನು ಮಾರಿದ್ದೆನೋ, ದಿಕ್ಕಿನ ಮಾತು ಕೇಳಿದ್ದು ಅದೇ ಮೊದಲು.

ಚೋಕ್ ಚೈನ್ ಎಂದರೆ ಎರಡು ತುದಿಗೂ ಬಳೆಯಿರುವ ಸರಪಳಿ. ಒಂದು ಬಳೆಯೊಳಗಿಂದ ಸರಪಳಿಯನ್ನು ತೂರಿಸಿದರೆ ಕುಣಿಕೆಯಾಗುತ್ತದೆ. ನಾಯಿಯನ್ನು ನಮ್ಮ ಎಡಕ್ಕೆ ನಡೆಸುವುದಾದರೆ, ನಾವು ಹಿಡಿಯುವ ತುದಿ ಅದರ ಕತ್ತಿನ ಮೇಲುಗಡೆಯಿಂದ ಹಾದು ನಮ್ಮ ಕಡೆಗೆ ಬರಬೇಕು. ಆಗ ಕೈ ಸಡಿಲಿಸಿದೊಡನೆ ಬಳೆ ತನ್ನ ಭಾರಕ್ಕೇ ಜಾರಿ ಕುಣಿಕೆ ಬಿಚ್ಚಿಕೊಳ್ಳುತ್ತದೆ. ತಿರುಗುಮುರುಗಾಗಿ ಹಾಕಿದರೆ ಆ ತುದಿ ಗಂಟಲಿನ ಕೆಳಗಿಂದ ಬರುತ್ತದೆ. ಒಮ್ಮೆ ಬಿಗಿದದ್ದು ಬಿಗಿದಂತೆಯೇ ಉಳಿಯುತ್ತದೆ. ಮಾಸ್ತರರ ನಾಯಿ ಒಂದು ತಿಂಗಳು ಹಾಗೆಯೇ ಸುತ್ತಾಡಿತ್ತು.

ಇಷ್ಟು ಹೇಳಿದ ಮಾತ್ರಕ್ಕೆ ಸರಿಯಾದ ದಿಕ್ಕಿನಲ್ಲಿ ಹಾಕಿದರೆ ಆಯಿತು ಎಂದು ಯಾರೂ ತಿಳಿಯಬಾರದು. ಸರಿಯಾಗಿ ಹಾಕಿದ ಚೈನು ಸಹ ಮಾಡುವುದು ಕತ್ತು ಹಿಸುಕುವ ಕೆಲಸವನ್ನೇ. ಶ್ವಾಸನಾಳ, ಥೈರಾಯ್ಡ್ ಗ್ರಂಥಿ, ತಲೆಯಿಂದ ರಕ್ತ ಇಳಿಯುವ ದೊಡ್ಡ ನಾಳಗಳು, ಎಲ್ಲವೂ ಅಲ್ಲೇ ಇವೆ. ಕತ್ತಿನ ಪಟ್ಟಿಯನ್ನು ಎಳೆದಾಗ ನಾಯಿಯ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಎದೆಗೆ ಕಟ್ಟುವ ಹಾರ್ನೆಸ್‌ನಲ್ಲಿ ಹಾಗೆ ಏರುವುದಿಲ್ಲ ಎಂದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ತೋರಿಸಿದೆ. ಇನ್ನು ಪಗ್‌ನಂಥ ಮೋಟುಮೂಗಿನ ನಾಯಿ ಸುಮ್ಮನೆ ಕುಳಿತಾಗಲೇ ಗೊರಗೊರ ಎನ್ನುತ್ತದೆ. ಪೊಮೆರೇನಿಯನ್ ತಳಿಗೆ ಶ್ವಾಸನಾಳ ಚಪ್ಪಟೆಯಾಗುವ ಕಾಯಿಲೆ ಮೊದಲೇ ಹೆಚ್ಚು. ಅವುಗಳಿಗೂ ನಾನು ಕತ್ತಿನ ಪಟ್ಟಿಯನ್ನೇ ಕೊಟ್ಟು ಕಳಿಸಿದ್ದೆ, ಗೆಜ್ಜೆ ಉಚಿತವೆಂದು ಹೇಳಿ.

ಮಾಸ್ತರರಿಗೆ ಹಣ ಹಿಂದಿರುಗಿಸಿದೆ. ಅವರು ಅದೇ ಹಣದಲ್ಲಿ ಬೇರೇನಾದರೂ ಕೊಡು ಎಂದರು. ಏನು ಕೊಡಬೇಕೆಂದು ನನಗೆ ತಿಳಿಯಲಿಲ್ಲ. ಗೋಡೆಯ ಮೊಳೆಗಳಲ್ಲಿ ನಲವತ್ತು ಬಗೆಯ ಪಟ್ಟಿಗಳು ತೂಗುತ್ತಿದ್ದವು. ಕೊನೆಗೆ ಬಾಯಿಗೆ ಬಂದದ್ದು, “ನಾಳೆ ನಾಯಿಯನ್ನು ಕರೆತನ್ನಿ, ಅದು ನಡೆಯುವುದನ್ನು ನೋಡುತ್ತೇನೆ” ಎಂಬ ಮಾತು. ಯೋಚಿಸಿ ಆಡಿದ್ದಲ್ಲ, ಹೊತ್ತು ದೂಡಲು ಆಡಿದ್ದು.

ಮರುದಿನ ಅಂಗಡಿಯ ಮುಂದೆ ಐವತ್ತು ಹೆಜ್ಜೆ ನಡೆದರು. ನಾಯಿ ಎಳೆಯಿತು, ಮಾಸ್ತರರು ಹಿಂದೆ ಓಡಿದರು, ನಾಯಿ ವಿದ್ಯುತ್ ಕಂಬ ತಲುಪಿ ಮೂಸಿತು. ಮತ್ತೆ ಎಳೆಯಿತು, ಮತ್ತೆ ಓಡಿದರು, ಈ ಸಲ ಚರಂಡಿಯ ಅಂಚು. ಇಷ್ಟರಲ್ಲಿ ಎಲ್ಲವೂ ಇತ್ತು. ಎಳೆದರೆ ಬೇಕಾದಲ್ಲಿಗೆ ತಲುಪಬಹುದು ಎಂದು ಆ ನಾಯಿಗೆ ದಿನಕ್ಕೆರಡು ಹೊತ್ತು ಕಲಿಸುತ್ತಿದ್ದವರು ಮಾಸ್ತರರೇ. ಅದರ ಮೇಲೆ ಚೈನು ಕತ್ತು ಹಿಸುಕಿ ಎಳೆಯಬೇಡ ಎನ್ನುತ್ತಿತ್ತು. ನಾಯಿ ಯಾರ ಮಾತು ಕೇಳಬೇಕು?

ನನ್ನ ಊರು ಶಿರಸಿಯ ಕಡೆ. ಮನೆಯಲ್ಲಿ ದನ ಇದ್ದವು. ಕಣ್ಣಿ ಹಾಕುವುದು, ಮೂಗುದಾರ ಹಿಡಿಯುವುದು ನನಗೆ ಹೊಸತಲ್ಲ. ಸೊಕ್ಕಿದ ಹೋರಿಯನ್ನು ಅಜ್ಜ ಎರಡು ಬೆರಳಿನಲ್ಲಿ ನಡೆಸುತ್ತಿದ್ದರು. ತಲೆ ತಿರುಗಿದತ್ತ ಮೈ ತಿರುಗುತ್ತದೆ ಎಂಬುದಷ್ಟೇ ಅದರ ಗುಟ್ಟು. ನಾಯಿಗೆ ಬರುವ ಹೆಡ್ ಹಾಲ್ಟರ್ ಮಾಡುವುದೂ ಇದನ್ನೇ: ಮೂಗಿನ ಮೇಲೊಂದು ಪಟ್ಟಿ, ಕಿವಿಯ ಹಿಂದೊಂದು ಪಟ್ಟಿ, ಹಗ್ಗ ಗಲ್ಲದ ಕೆಳಗೆ. ದೊಡ್ಡ ನಾಯಿಯನ್ನು ನಡೆಸುವ ಸಣ್ಣ ಮೈಕಟ್ಟಿನವರಿಗೆ ಇದು ನಿಜಕ್ಕೂ ಉಪಕಾರಿ. ಆದರೆ ಇದರಲ್ಲಿ ಜಗ್ಗಿದರೆ ಕತ್ತು ಉಳುಕಬಹುದು. ಉದ್ದದ ಹಗ್ಗಕ್ಕೆ ಇದನ್ನು ಸಿಕ್ಕಿಸಲೇಬಾರದು, ಓಡಿದ ನಾಯಿಯ ತಲೆ ಗಕ್ಕನೆ ತಿರುಚಿಕೊಳ್ಳುತ್ತದೆ. ತಂದ ದಿನವೇ ಕಟ್ಟಿ ಹೊರಟರೆ ನಾಯಿ ಮೂಗನ್ನು ರಸ್ತೆಗೆ ಉಜ್ಜುತ್ತ ಕೂರುತ್ತದೆ. ಮೊದಲು ಪಟ್ಟಿಯೊಳಗಿಂದ ತಿಂಡಿ ಕೊಟ್ಟು, ಮೂಗು ತಾನಾಗಿ ತೂರಿಸುವಂತೆ ಮಾಡಿ, ಬಳಿಕ ಒಂದೊಂದೇ ನಿಮಿಷ ಕಟ್ಟಿಡಬೇಕು. ವಾರವಾದರೂ ಹಿಡಿಯುತ್ತದೆ. ಇನ್ನೊಂದು ಕಾಟವೆಂದರೆ ಬೀದಿಯ ಜನ ಅದನ್ನು ಬಾಯಿಕುಕ್ಕೆಯೆಂದೇ ತಿಳಿದು, “ಕಚ್ಚುತ್ತದೆಯೇ?” ಎಂದು ದೂರ ಸರಿಯುತ್ತಾರೆ. ಕೆಲವು ಗಿರಾಕಿಗಳು ಆ ಒಂದೇ ಕಾರಣಕ್ಕೆ ವಾಪಸು ತಂದಿದ್ದಾರೆ. ಕೆಲವರು ಆ ಒಂದೇ ಕಾರಣಕ್ಕೆ ಇಷ್ಟಪಟ್ಟಿದ್ದಾರೆ.

ಮಾಸ್ತರರಿಗೆ ಕೊಟ್ಟದ್ದು ಎದೆಯ ಮುಂದೆ ಕೊಂಡಿಯಿರುವ ಹಾರ್ನೆಸ್. ಬೆನ್ನಿನ ಮೇಲೆ ಕೊಂಡಿಯಿದ್ದರೆ ನಾಯಿ ಎದೆಗೊಟ್ಟು ಎಳೆಯಬಲ್ಲದು. ಹಿಮದ ನಾಡಿನಲ್ಲಿ ಗಾಡಿ ಎಳೆಸುವ ನಾಯಿಗಳಿಗೆ ಎದೆಪಟ್ಟಿ ಕಟ್ಟುವುದೇ ಅದಕ್ಕೆ. ಮುಂದಿನ ಕೊಂಡಿಯಾದರೆ ಎಳೆದ ನಾಯಿಯ ಮೈ ಪಕ್ಕಕ್ಕೆ ತಿರುಗಿ ಎಳೆತದ ರಭಸ ಸೋರಿಹೋಗುತ್ತದೆ. ಎದೆಯ ಪಟ್ಟಿ ಭುಜದ ಕೀಲಿಗೆ ಅಡ್ಡ ಬರಬಾರದು, ಕಂಕುಳಲ್ಲಿ ಉಜ್ಜಬಾರದು, ಪಟ್ಟಿಯ ಒಳಗೆ ಎರಡು ಬೆರಳು ಆಡಬೇಕು. ಮುಧೋಳ ತಳಿಗೆ ಬೇರೆಯೇ ಲೆಕ್ಕ. ಅವುಗಳ ತಲೆ ಕತ್ತಿಗಿಂತ ಸಣ್ಣದು. ಸಾದಾ ಬೆಲ್ಟನ್ನು ಹಿಂದಕ್ಕೆ ಜಗ್ಗಿ ಕಳಚಿಕೊಂಡರೆ ಮತ್ತೆ ಕೈಗೆ ಸಿಗುವ ಪ್ರಾಣಿಯಲ್ಲ. ಅವಕ್ಕೆ ಮಾರ್ಟಿಂಗೇಲ್ ಎಂಬ ಕತ್ತಿನ ಪಟ್ಟಿ ಬೇಕು. ಅದು ಒಂದು ಮಿತಿಯವರೆಗೆ ಮಾತ್ರ ಬಿಗಿಯುತ್ತದೆ, ಜಾರುವುದಿಲ್ಲ, ಉಸಿರುಗಟ್ಟಿಸುವುದೂ ಇಲ್ಲ.

ಹಾರ್ನೆಸ್ ಕೊಟ್ಟ ದಿನವೇ ನಾಯಿ ಸುಧಾರಿಸಿತು ಎಂದರೆ ಸುಳ್ಳಾಗುತ್ತದೆ. ಹಗ್ಗ ಬಿಗಿಯಾದ ಕ್ಷಣ ನಿಂತುಬಿಡಿ, ಗಾಳಿಮರದಂತೆ ನಿಲ್ಲಿ, ಹಗ್ಗ ಸಡಿಲವಾದ ಮೇಲೆಯೇ ಹೆಜ್ಜೆಯಿಡಿ, ನಿಮ್ಮ ಮೊಣಕಾಲಿನ ಪಕ್ಕ ಬಂದಾಗಲೆಲ್ಲ ಚೂರು ತಿಂಡಿ ಕೊಡಿ ಎಂದು ಹೇಳಿದ್ದೆ. ಮೊದಲ ದಿನ ಕಡಲತೀರಕ್ಕೆ ಹೊರಟವರು ಮನೆಯ ಗೇಟಿನಿಂದ ನಾಲ್ಕನೇ ಮನೆಯವರೆಗೆ ಹೋಗಿ ವಾಪಸು ಬಂದರಂತೆ, ಅರ್ಧ ಗಂಟೆ ಹಿಡಿಯಿತಂತೆ. ಹತ್ತು ಸಲ ನಿಂತು ಹನ್ನೊಂದನೇ ಸಲ ಬೇಸತ್ತು ಎಳೆದಲ್ಲಿಗೆ ಹೋದರೆ ಇನ್ನೂ ಹೆಚ್ಚು ಹಠ ಹಿಡಿಯುವುದನ್ನು ಕಲಿಸಿದಂತಾಗುತ್ತದೆ ಎಂದು ಹೆದರಿಸಿದ್ದೆ, ಅವರು ಬೇಸರಪಡಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಮಗ್ಗಿ ಕಲಿಸಿದವರಲ್ಲವೇ. ಆರು ವಾರಗಳ ಬಳಿಕ ಅಂಗಡಿಯ ಮುಂದೆ ಹಾದುಹೋದಾಗ ಹಗ್ಗ ಒದ್ದೆ ಬಟ್ಟೆ ಒಣಹಾಕಿದ ದಾರದಂತೆ ನಡುವೆ ಜೋತುಬಿದ್ದಿತ್ತು.

ಕಟ್ಟಿ ನಿಲ್ಲಿಸಿದರೆ ಒದ್ದಾಡುತ್ತಿದ್ದ ನಾಯಿಯೊಂದರ ಬಗ್ಗೆ ರಷ್ಯಾದ ವಿಜ್ಞಾನಿ ಪಾವ್ಲೋವ್ ಬರೆದಿದ್ದಾನೆ. ಅದನ್ನು ಸ್ವಾತಂತ್ರ್ಯದ ಪ್ರತಿವರ್ತನೆ ಎಂದು ಕರೆದ ಅವನು ಕೊನೆಗೆ ಪಳಗಿಸಿದ್ದು, ಊಟವನ್ನು ಆ ಕಟ್ಟಿನಲ್ಲಿರುವಾಗ ಮಾತ್ರ ಕೊಟ್ಟು. ನೂರು ವರ್ಷದ ಹಿಂದಿನ ಮಾತು. ನಮ್ಮ ಅಂಗಡಿಯ ಗೋಡೆಗೆ ಇನ್ನೂ ತಲುಪಿರಲಿಲ್ಲ.

ಮಾಸ್ತರರ ಬಳಿಕ ನಾನು ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಒಂದೆರಡು ಮನೆಗಳ ನಾಯಿಗಳನ್ನು ನಡೆಸತೊಡಗಿದೆ. ಮಾರುವ ಸಾಮಾನನ್ನು ಕೈಯಲ್ಲಿ ಹಿಡಿದು ನೋಡೋಣವೆಂದು. ನೋಡಿದ್ದು ಬೇಗನೆ ಬೆರಳಿಗೇ ತಟ್ಟಿತು. ಟ್ಯಾಗೋರ್ ಕಡಲತೀರದಲ್ಲಿ, ಪ್ರದರ್ಶನಕ್ಕೆ ನಿಲ್ಲಿಸಿರುವ ಚಪಲ್ ಯುದ್ಧನೌಕೆಯ ಹತ್ತಿರ, ಸುರುಳಿಯೊಳಗೆ ತಾನಾಗಿ ಸುತ್ತಿಕೊಳ್ಳುವ ರಿಟ್ರಾಕ್ಟಬಲ್ ಹಗ್ಗದಲ್ಲಿ ನಾಯಿಯೊಂದನ್ನು ಬಿಟ್ಟಿದ್ದೆ. ಏಡಿಯ ಹಿಂದೆ ಓಡಿತು. ಸುರುಳಿಯ ಬದಲು ಹಗ್ಗವನ್ನೇ ಹಿಡಿದೆ. ತೆಳುವಾದ ದಾರ ಎರಡು ಬೆರಳುಗಳ ಚರ್ಮ ಸುಲಿದುಕೊಂಡು ಹೋಯಿತು. ಕೈಬಿಟ್ಟ ಪ್ಲಾಸ್ಟಿಕ್ ಹಿಡಿಕೆ ಟಪಟಪ ಎಂದು ನಾಯಿಯ ಹಿಂದೆಯೇ ಪುಟಿಯತೊಡಗಿತು. ಅದು ಹೆದರಿ ಇನ್ನಷ್ಟು ಓಡಿತು, ಹಿಡಿಕೆಯೂ ಬೆನ್ನು ಬಿಡಲಿಲ್ಲ. ಬಲೆ ಎಳೆಯುತ್ತಿದ್ದವರು ಹಿಡಿದುಕೊಟ್ಟರು, ಕೊಂಕಣಿಯಲ್ಲಿ ಏನೋ ಅಂದು ನಕ್ಕರು. ನೋವಿಗಿಂತ ಆ ನಗುವೇ ನೆನಪಿದೆ. ಆ ಸುರುಳಿ ಹಗ್ಗದಲ್ಲಿ ಇನ್ನೊಂದು ದೋಷವಿದೆ: ಸ್ಪ್ರಿಂಗ್ ಸದಾ ಸ್ವಲ್ಪ ಬಿಗಿ ಇಟ್ಟಿರುತ್ತದೆ, ಎಳೆದರೆ ಹಗ್ಗ ಉದ್ದವಾಗುತ್ತದೆ. ಎಳೆಯುವುದಕ್ಕೆ ಇನಾಮು ಕೊಡಲೆಂದೇ ಮಾಡಿದ ಯಂತ್ರ. ಊರೊಳಗಿನ ರಸ್ತೆಗೆ ಐದಾರು ಅಡಿಯ ಸಾದಾ ಹಗ್ಗ, ಬಯಲಿಗೆ ಹತ್ತು ಮೀಟರಿನ ಉದ್ದನೆಯ ಹಗ್ಗ. ಅದೂ ಹಾರ್ನೆಸ್ಸಿಗೆ ಮಾತ್ರ.

ಕರಾವಳಿಯ ಇನ್ನೊಂದು ಪಾಠ ತುಕ್ಕಿನದು. ಅಗ್ಗದ ಸತುವಿನ ಕೊಂಡಿ ನಮ್ಮ ಉಪ್ಪುಗಾಳಿಗೆ ಒಂದು ಮಳೆಗಾಲ ಬಾಳಿದರೆ ಹೆಚ್ಚು. ಹೊರಗೆ ಹೊಳೆಯುತ್ತಿರುತ್ತದೆ, ಒಳಗಿನ ಸ್ಪ್ರಿಂಗ್ ಸತ್ತಿರುತ್ತದೆ. ಸ್ಟೇನ್‌ಲೆಸ್ ಉಕ್ಕಿನದೋ ಹಿತ್ತಾಳೆಯದೋ ಕೇಳಿ ಕೊಳ್ಳಿ, ತೀರದಿಂದ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಿರಿ.

ಎಳೆತ ಬಿಟ್ಟರೆ ಹೆಚ್ಚಿನ ದೂರು ಬೇರೆ ನಾಯಿಗಳ ಮೇಲೆ ಎಗರುವುದರ ಬಗ್ಗೆ. ತೀರದಲ್ಲಿ ಬೀದಿನಾಯಿಗಳ ಗುಂಪು ಎದುರಾಗದೆ ಇರುವುದಿಲ್ಲ. ಆಗ ಎಲ್ಲರೂ ಹಗ್ಗವನ್ನು ಮೊಳದಷ್ಟು ಮೋಟು ಮಾಡಿ ಜಗ್ಗುತ್ತಾರೆ. ಇನ್ನೊಂದು ನಾಯಿ ಕಂಡಾಗಲೆಲ್ಲ ಕತ್ತಿಗೆ ನೋವಾದರೆ ಆ ನೋವನ್ನು ನಾಯಿ ಯಾರ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ? ಎದುರಿನ ನಾಯಿಯ ಲೆಕ್ಕಕ್ಕೆ. ಪ್ರಾಂಗ್ ಕಾಲರ್ ಹಾಕಿದ ಮೇಲೆ ಇನ್ನೂ ರೇಗುತ್ತದೆ ಎಂದು ಬಂದವರಿಗೆ ನನ್ನ ಬಳಿ ಮಾರಲು ಯಾವ ವಸ್ತುವೂ ಇಲ್ಲ. ದೂರದಲ್ಲಿ ಕಂಡ ಕೂಡಲೇ ಬಾಣ ಬಿಟ್ಟಂತೆ ನೇರ ಹೋಗದೆ ಬಿಲ್ಲಿನಂತೆ ಬಳಸಿ ಹೋಗಿ ಎನ್ನುತ್ತೇನೆ. ಮೊಬೈಲಿನಲ್ಲಿ ನೋಡಿ ಕರೆಂಟು ಹೊಡೆಯುವ ಕಾಲರ್ ಕೇಳುವವರೂ ಇದ್ದಾರೆ. ವೇಲ್ಸ್ ಅದನ್ನು 2010ರಲ್ಲೇ ನಿಷೇಧಿಸಿತು. ನಾನು ನನ್ನ ಗೋಡೆಯಲ್ಲಿ.

ನೆಲದಲ್ಲಿ ಸಿಕ್ಕಿದ್ದನ್ನೆಲ್ಲ ನುಂಗುವ ನಾಯಿಗೆ ಮಾತ್ರ ನಾನು ತಂತಿಯ ಬಾಯಿಕುಕ್ಕೆಯನ್ನು ಒತ್ತಾಯಿಸಿ ಕೊಡುತ್ತೇನೆ. ಬಲೆಗೆ ಬಿದ್ದು ಮರಳಿಗೆ ಎಸೆಯಲ್ಪಟ್ಟ ಪಫರ್ ಮೀನಿನಲ್ಲಿರುವ ಟೆಟ್ರೊಡೊಟಾಕ್ಸಿನ್ ವಿಷಕ್ಕೆ ಮದ್ದಿಲ್ಲ. ಚಳಿಗಾಲದಿಂದ ಬೇಸಿಗೆಯವರೆಗೆ ನಮ್ಮ ತೀರಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುತ್ತವೆ. ಕೆದಕುವ ನಾಯಿಗೆ ಆ ದಿನಗಳಲ್ಲಿ ಉದ್ದದ ಹಗ್ಗವೂ ಬೇಡ.

ದಿನವಿಡೀ ಕಟ್ಟಿಹಾಕಲು ದಪ್ಪ ಸರಪಳಿ ಬೇಕೆಂದು ಬರುವವರಿಗೆ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಸೆಕ್ಷನ್ ಹೇಳುತ್ತೇನೆ: ತೀರಾ ಮೋಟಾದ ಅಥವಾ ತೀರಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದೂ ಅಪರಾಧ, ಸದಾ ಕಟ್ಟಿರುವ ನಾಯಿಯನ್ನು ಅಡ್ಡಾಡಿಸದೆ ಇರುವುದೂ ಅಪರಾಧ. ಹಗಲಿಡೀ ಕಟ್ಟಿದ ನಾಯಿ ಸಂಜೆ ಬಿಚ್ಚಿದಾಗ ಎಳೆಯದೆ ಇನ್ನೇನು ಮಾಡೀತು ಎಂದೂ ಸೇರಿಸುತ್ತೇನೆ. ಕಾಯಿದೆಗಿಂತ ಈ ಎರಡನೆಯ ಮಾತನ್ನೇ ಜನ ಕೇಳಿಸಿಕೊಳ್ಳುತ್ತಾರೆ.

ವ್ಯಾಪಾರ ಇಳಿಯಿತು, ನಿಜ. ಒಬ್ಬ ಗಿರಾಕಿಗೆ ಕಾಲು ಗಂಟೆ ಬೀದಿಯಲ್ಲಿ ನಿಂತರೆ ಕೌಂಟರಿನಲ್ಲಿ ಇಬ್ಬರು ಕಾದು ಹೋಗುತ್ತಾರೆ ಎಂದು ಮಾಲೀಕರು ಗೊಣಗುತ್ತಾರೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ವಾಪಸು ಬರುವ ಸಾಮಾನು ಕಡಿಮೆಯಾಗಿದೆ ಎಂದು ನಾನು ಹೇಳುತ್ತೇನೆ. ಅದರಲ್ಲೂ ಸುಳ್ಳಿಲ್ಲ. ಹೀಗೆ ನಡೆದಿದೆ. ಪ್ರಾಂಗ್ ಕಾಲರ್ ತರಿಸುವುದನ್ನು ನಿಲ್ಲಿಸಿದ್ದಾರೆ. ಚೋಕ್ ಚೈನ್ ನಿಲ್ಲಿಸಿಲ್ಲ.

ಕಳೆದ ವಾರ ಅಂಕೋಲಾದ ಕಡೆಯಿಂದ ಒಬ್ಬರು ಬೈಕಿನಲ್ಲಿ ಬಂದರು. ನಾಯಿಯನ್ನು ಕರೆತರಲು ಆಗುವುದಿಲ್ಲ, ಚೋಕ್ ಚೈನೇ ಬೇಕು, ತಮ್ಮ ಅಪ್ಪನೂ ಅದನ್ನೇ ಹಾಕುತ್ತಿದ್ದರು ಎಂದರು. ನಾನು ಹಾರ್ನೆಸ್ ತೋರಿಸಿದೆ, ಕೆಮ್ಮಿನ ಕಥೆ ಹೇಳಿದೆ, ಹತ್ತು ನಿಮಿಷ ವಾದಿಸಿದೆ. ಮಾಲೀಕರು ಒಳಗಿನಿಂದ ಕೆಮ್ಮಿದರು. ಕೊನೆಗೆ ಚೈನು ಇಳಿಸಿ, ನನ್ನ ಎಡ ಮೊಣಕೈಗೆ ಹಾಕಿಕೊಂಡು, ಯಾವ ತುದಿ ಮೇಲಿಂದ ಬರಬೇಕೆಂದು ತೋರಿಸಿದೆ. ಆಮೇಲೆ ಉಲ್ಟಾ ಹಾಕಿ, ಎಳೆಯಿರಿ ಎಂದೆ. ಎಳೆದರು. ಬಿಡಿ ಎಂದೆ. ಬಿಟ್ಟರು. ಚೈನು ಬಿಡಲಿಲ್ಲ. ಅವರು ನನ್ನ ತೋಳಿನ ಮೇಲಿನ ಗೆರೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹಣ ಎಣಿಸಿಕೊಟ್ಟು, ಚೈನನ್ನು ಜೇಬಿಗೆ ಹಾಕಿಕೊಂಡು, ಆ ಹಾರ್ನೆಸ್ಸಿನ ಬೆಲೆ ಎಷ್ಟು ಎಂದು ಕೇಳಿ ಹೋದರು.