ನೀನೇ ಬಿಟ್ಟೆಯೋ, ಅವರೇ ತೆಗೆದರೋ?

ಕಾಗದದ ಪ್ರಕಾರ ಕೆಲಸ ನಾನೇ ಬಿಟ್ಟೆ. ಬಿಡಿಸಿದವರು ಕಂಪನಿಯವರು. ಉತ್ತರ ಇಷ್ಟೇ.

ಇದನ್ನು ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಸಾಗರದ ಮದುವೆ ಮಂಟಪದಲ್ಲಿ ಎಲೆಯ ಮುಂದೆ ಕುಳಿತಾಗ ಕೇಳುತ್ತಾರೆ. ರಿಪ್ಪನ್‌ಪೇಟೆಯ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಬಗ್ಗಿ ಕೇಳುತ್ತಾರೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಅಪ್ಪನ ಔಷಧದ ಚೀಟಿ ಹಿಡಿದು ನಿಂತಾಗಲೂ ಕೇಳುತ್ತಾರೆ. "ಹೇಗಿದ್ದೀಯ" ಎನ್ನುವುದು ಬರಿಯ ಪೀಠಿಕೆ. ಎರಡನೆಯ ವಾಕ್ಯಕ್ಕೇ ಬಂದುಬಿಡುತ್ತದೆ: "ಕೆಲಸ ನೀನೇ ಬಿಟ್ಟೆಯೋ, ಅವರೇ ತೆಗೆದರೋ?"

ನನಗೆ ಸಿಟ್ಟು ಬರುವುದು ಕೇಳಿದ್ದಕ್ಕಲ್ಲ. ಎರಡೂ ಉತ್ತರಗಳಿಗೆ ತೀರ್ಪು ಮೊದಲೇ ಸಿದ್ಧವಾಗಿರುತ್ತದೆ, ಅದಕ್ಕೆ. ನಾನೇ ಬಿಟ್ಟೆ ಎಂದರೆ, "ಈ ಕಾಲದಲ್ಲಿ ಕೈಯಲ್ಲಿದ್ದ ಕೆಲಸ ಯಾರಾದರೂ ಬಿಡುತ್ತಾರೆಯೇ? ಎಷ್ಟು ಸೊಕ್ಕು!" ಅವರೇ ತೆಗೆದರು ಎಂದರೆ, "ಸುಮ್ಮನೆ ತೆಗೆಯುತ್ತಾರೆಯೇ? ಏನೋ ಮಾಡಿಕೊಂಡಿರಬೇಕು." ಸೊಕ್ಕಿನವಳು ಅಥವಾ ಕೈಲಾಗದವಳು, ಎರಡರಲ್ಲಿ ಒಂದನ್ನು ನಾನೇ ಆರಿಸಿಕೊಳ್ಳಬೇಕು. ನಡೆದದ್ದು ಮೂರನೆಯದು, ಅದನ್ನು ಪೂರ್ತಿ ಕೇಳುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ಸಂಬಳ ವಿಭಾಗದಲ್ಲಿದ್ದೆ. ಐದು ವರ್ಷ ದಾಟಿ ಆರನೆಯದೂ ತುಂಬಿತ್ತು. ವಿದೇಶದ ಗ್ರಾಹಕರೊಬ್ಬರು ಗುತ್ತಿಗೆ ನವೀಕರಿಸಲಿಲ್ಲ. ಮಹಡಿಗಳು ಒಂದೊಂದಾಗಿ ಖಾಲಿಯಾಗತೊಡಗಿದವು. ಮುಂದಿನ ತಿಂಗಳ ಪಟ್ಟಿಯಲ್ಲಿ ಯಾರ ಹೆಸರು ಇರುವುದಿಲ್ಲ ಎಂಬುದು ಸಂಬಳ ವಿಭಾಗದವರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಆ ಹೆಸರುಗಳ ಬಾಕಿ ಲೆಕ್ಕ ಕೂಡಿಸಿ ಮುಗಿಸುತ್ತಿದ್ದವಳು ನಾನು. ಕ್ಯಾಂಟೀನಿನಲ್ಲಿ ಅವರೊಡನೆ ಕುಳಿತು ಊಟ ಮಾಡುವುದು ಎಷ್ಟು ಕಷ್ಟ ಎಂದು ಯಾರೂ ಕೇಳಿಲ್ಲ, ಅದಿರಲಿ.

ಒಂದು ಬೆಳಿಗ್ಗೆ ನನ್ನನ್ನೂ ಕರೆದರು. ಗಾಜಿನ ಕೋಣೆ, ಎದುರಿಗೆ ಇಬ್ಬರು, ಮೇಜಿನ ಮೇಲೆ ಮೊದಲೇ ಟೈಪ್ ಮಾಡಿಟ್ಟ ಪತ್ರ. "ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ನೀಡುತ್ತಿದ್ದೇನೆ" ಎಂದು ನನ್ನ ಪರವಾಗಿ ಅವರೇ ಬರೆದಿದ್ದರು. ಸಹಿ ಹಾಕಿದರೆ ಎರಡು ತಿಂಗಳ ಸಂಬಳ, ಬಿಡುಗಡೆ ಪತ್ರ, ಅನುಭವ ಪತ್ರ. ಹಾಕದಿದ್ದರೆ ಕೆಲಸ ತೃಪ್ತಿಕರವಾಗಿಲ್ಲವೆಂಬ ಕಾರಣ ಕೊಟ್ಟು ವಜಾ. ಮುಂದೆ ಯಾವ ಕಂಪನಿ ನನ್ನ ಹಿನ್ನೆಲೆ ವಿಚಾರಿಸಿದರೂ ಅದೇ ಉತ್ತರ ಹೋಗುತ್ತದೆ ಎಂದರು. ಊಟದ ಹೊತ್ತಿನೊಳಗೆ ತೀರ್ಮಾನಿಸಬೇಕಿತ್ತು.

ಸಹಿ ಹಾಕಿದೆ. "ಹಾಕಬಾರದಿತ್ತು, ಹೋರಾಡಬೇಕಿತ್ತು" ಎಂದು ಜಗುಲಿಯ ಮೇಲೆ ಕಾಲು ಚಾಚಿ ಹೇಳುವವರಿದ್ದಾರೆ. ಅಪ್ಪನ ಹೃದಯದ ಶಸ್ತ್ರಚಿಕಿತ್ಸೆಗೆ ಮಾಡಿದ ಸಾಲದ ಕಂತು ಪ್ರತಿ ತಿಂಗಳು ನನ್ನ ಖಾತೆಯಿಂದ ಹೋಗುತ್ತಿತ್ತು. ಮನೆ ಬಾಡಿಗೆ ಹೋಗುತ್ತಿತ್ತು. ಎರಡು ತಿಂಗಳ ಸಂಬಳವೆಂದರೆ ಎರಡು ತಿಂಗಳ ಕಂತು. ಆ ಕೋಣೆಯಲ್ಲಿ ಕುಳಿತವರಿಗೆ ಈ ಲೆಕ್ಕ ಗೊತ್ತಿತ್ತು, ನನಗೂ ಗೊತ್ತಿತ್ತು. ಈ ಒಂದು ವಿಷಯದಲ್ಲಿ ಯಾರ ಉಪದೇಶವೂ ನನಗೆ ಬೇಕಿಲ್ಲ.

ಅವರಿಗೆ ರಾಜೀನಾಮೆಯೇ ಏಕೆ ಬೇಕಿತ್ತು? ಅದನ್ನು ಯಾರೂ ಕೇಳುವುದಿಲ್ಲ. ಕೆಲಸಗಾರರನ್ನು ತೆಗೆಯುವುದಾದರೆ ಕಂಪನಿ ದುಡ್ಡು ಕೊಡಬೇಕು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ, ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕರನ್ನು ಕೈಬಿಡುವಾಗ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ಸಂಬಳದಷ್ಟು ಪರಿಹಾರ ಎಂದಿತ್ತು. ಅದರ ಜಾಗಕ್ಕೆ ಬಂದು 2025ರ ನವೆಂಬರ್ 21ರಿಂದ ಜಾರಿಯಾಗಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಆ ಹಕ್ಕು ಉಳಿದಿದೆ. ತೆಗೆದದ್ದನ್ನು ಸರ್ಕಾರಕ್ಕೂ ತಿಳಿಸಬೇಕು. ನೌಕರನೇ ರಾಜೀನಾಮೆ ಕೊಟ್ಟರೆ ಪರಿಹಾರವೂ ಇಲ್ಲ, ತಿಳಿಸುವ ತಾಪತ್ರಯವೂ ಇಲ್ಲ. ಮೇಲಾಗಿ ನಾವು ಕಾನೂನಿನ ಅರ್ಥದಲ್ಲಿ ಕಾರ್ಮಿಕರೇ ಅಲ್ಲ, ವ್ಯವಸ್ಥಾಪಕ ವರ್ಗದವರು ಎಂದು ವಾದಿಸಲು ಅವರ ಬಳಿ ವಕೀಲರಿದ್ದಾರೆ. ಕೆಲಸದ ಷರತ್ತುಗಳನ್ನು ಬರೆದು ಪ್ರಕಟಿಸಬೇಕು ಎಂದಿದ್ದ ಹಳೆಯ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಕರ್ನಾಟಕದ ಐಟಿ ಸಂಸ್ಥೆಗಳಿಗೆ 2014ರಲ್ಲಿ ವಿನಾಯಿತಿ ಸಿಕ್ಕಿತು. 2019ರಲ್ಲಿ ಅದನ್ನು ಮುಂದುವರಿಸಿದರು, 2024ರಲ್ಲಿ ಮತ್ತೆ ಐದು ವರ್ಷಕ್ಕೆ ವಿಸ್ತರಿಸಿದರು. ಇಷ್ಟೆಲ್ಲ ಹಿನ್ನೆಲೆ ಇರುವ ಒಂದು ಸಹಿಯನ್ನು "ನೀನೇ ಬಿಟ್ಟೆಯೋ" ಎಂದು ಒಂದು ತುತ್ತಿನಲ್ಲಿ ಮುಗಿಸಲು ಬರುತ್ತಾರೆ!

ಊರಿಗೆ ಬಂದಾಗ ಅಡಿಕೆ ಕೊಯ್ಲು ಶುರುವಾಗಿತ್ತು. "ತೋಟ ಇದೆಯಲ್ಲ, ನಿನಗೇನು ಚಿಂತೆ" ಎನ್ನುವವರು ನಮ್ಮ ತೋಟಕ್ಕೆ ಒಮ್ಮೆ ಬರಲಿ. ಎಲೆಚುಕ್ಕೆ ರೋಗ ಬಂದು ಸೋಗೆಗಳು ಒಣಗಿವೆ. ಮಳೆಗಾಲದಲ್ಲಿ ಕೊಳೆ ರೋಗಕ್ಕೆಂದು ಬೋರ್ಡೊ ದ್ರಾವಣ ಹೊಡೆಸಿದ ಕೂಲಿಯ ಲೆಕ್ಕ ನೋಡಿದರೆ, ಇದ್ದ ಇಳುವರಿಯಲ್ಲಿ ಅಣ್ಣನ ಸಂಸಾರ ನಡೆಯುವುದೇ ಹೆಚ್ಚು. ಅದು ಅವನು ಬೆವರು ಸುರಿಸಿದ ತೋಟ. ಬೆಂಗಳೂರಿನಲ್ಲಿ ಕೆಲಸ ಹೋಯಿತೆಂದು ಅದರಲ್ಲಿ ಪಾಲು ಕೇಳಲು ನಾನು ಬಂದವಳಲ್ಲ.

ಇನ್ನು ಕೆಲವರು ಯುವನಿಧಿಗೆ ಅರ್ಜಿ ಹಾಕು ಎಂದರು. ಆ ಯೋಜನೆಗೆ 2024ರ ಜನವರಿ 12ರಂದು ಚಾಲನೆ ಸಿಕ್ಕಿದ್ದು ನಮ್ಮ ಶಿವಮೊಗ್ಗದಲ್ಲೇ, ಹಾಗಾಗಿ ಎಲ್ಲರಿಗೂ ಹೆಸರು ಗೊತ್ತು. ಪದವಿ ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದ ಹೊಸ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಅದೂ ಹೆಚ್ಚೆಂದರೆ ಎರಡು ವರ್ಷ. ಹೊಸಬರಿಗೆ ಅದು ಬೇಕು, ಬರಲಿ. ದುಡಿದು ಕೆಲಸ ಕಳೆದುಕೊಂಡ ನನ್ನ ವಯಸ್ಸಿನವರಿಗೆ ಅದರಲ್ಲಿ ಜಾಗವಿಲ್ಲ.

ಆ ದಿನಗಳ ಒಂದು ರಾತ್ರಿ ನನಗೆ ಸರಿಯಾಗಿ ನೆನಪಿದೆ. ಅಡಿಕೆ ಸುಲಿಯಲು ಅಂಗಳದ ಚಪ್ಪರದಡಿ ಎಲ್ಲರೂ ಕುಳಿತಿದ್ದರು. ಈಗ ಸುಲಿಯುವ ಯಂತ್ರ ಬಂದಿದ್ದರೂ ನಮ್ಮಲ್ಲಿ ಮೆಟ್ಟುಗತ್ತಿ ಇನ್ನೂ ಮೂಲೆ ಸೇರಿಲ್ಲ. ಒಲೆಯ ಮೇಲೆ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು, ಚೊಗರಿನ ವಾಸನೆ. ಮಾತು ಧಾರಣೆಯಿಂದ ಕಾಡುಕೋಣಕ್ಕೆ, ಕಾಡುಕೋಣದಿಂದ ಯಾರದೋ ಮನೆಯ ಗಂಡಿನ ಜಾತಕಕ್ಕೆ ಬಂದು ನನ್ನ ಮೇಲೆ ನಿಂತಿತು. ಸಂಬಂಧದಲ್ಲಿ ಅತ್ತೆಯಾಗಬೇಕಾದವರು ಅಡಿಕೆಯ ರಾಶಿಯಾಚೆಯಿಂದ ಕೇಳಿದರು: "ಗಂಡಿನ ಕಡೆಯವರಿಗೆ ಏನು ಹೇಳಲಿ? ನೀನೇ ಬಿಟ್ಟೆಯೋ, ಅವರೇ ತೆಗೆದರೋ? ಒಂದು ಮಾತು ಹೇಳಿಬಿಡು." ಅಷ್ಟೂ ಕತ್ತಿಗಳು ಒಮ್ಮೆಲೇ ನಿಂತವು. ಅಮ್ಮ ತಲೆ ತಗ್ಗಿಸಿದಳು. ನನಗೆ ಆ ಕಂಪನಿಯ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಆಗ ಬಂತು.

ನಾನು ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ಮಾತಾಡಿದರು. ಅವರು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ದುಡಿದು, ಅವಧಿಗೆ ಮೊದಲೇ ಸ್ವಯಂ ನಿವೃತ್ತಿಯ ಅರ್ಜಿಗೆ ಸಹಿ ಹಾಕಿ ಬಂದವರು. ಅವರು ಕೇಳಿದ್ದು ಬೇರೆ: "ಸೇವೆಯ ಇಡಿಗಂಟು, ಗ್ರಾಚ್ಯುಟಿ, ಬಂತೇ? ಸಹಿ ಹಾಕಿದ ಕಾಗದದ ಪ್ರತಿ ಇಟ್ಟುಕೊಂಡಿದ್ದೀಯಾ? ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ತಾರೀಖು ಹಾಕಿದ್ದಾರೆಯೇ?"

ಇಷ್ಟು ದಿನಗಳಲ್ಲಿ ನನ್ನ ಪರವಾಗಿ ಯಾರಾದರೂ ಕೇಳಿದ ಮೊದಲ ಪ್ರಶ್ನೆಗಳು ಅವು. ಭದ್ರಾವತಿಯವರು ಇದನ್ನು ಕೇಳಲು ಪುಸ್ತಕ ಓದಬೇಕಾಗಿಲ್ಲ. 1923ರಲ್ಲಿ ಉತ್ಪಾದನೆ ಶುರುವಾದ ಕಬ್ಬಿಣದ ಕಾರ್ಖಾನೆಯನ್ನು ಅದರ ನೂರನೆಯ ವರ್ಷದಲ್ಲಿ, 2023ರ ಜನವರಿಯಲ್ಲಿ, ಮುಚ್ಚುವ ನಿರ್ಧಾರ ಹೊರಬಿದ್ದದ್ದನ್ನೂ, ಅಲ್ಲಿನ ಗುತ್ತಿಗೆ ಕಾರ್ಮಿಕರು ಧರಣಿ ಕುಳಿತದ್ದನ್ನೂ ಕಂಡ ಊರು ಅದು. ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತದ್ದನ್ನೂ ಕಂಡಿದೆ. ಕೆಲಸ ಹೋದವನ ಯೋಗ್ಯತೆಯನ್ನು ಅಲ್ಲಿ ಯಾರೂ ಅಳೆಯುವುದಿಲ್ಲ. ಬಾಕಿ ಎಷ್ಟು, ಬಂದದ್ದೆಷ್ಟು ಎಂದು ಕೇಳುತ್ತಾರೆ.

ನೀವೂ ನನ್ನನ್ನು ಅದನ್ನೇ ಕೇಳಿ. ಎಷ್ಟು ಹೊತ್ತು ಬೇಕಾದರೂ ಹೇಳುತ್ತೇನೆ, ಏಕೆಂದರೆ ಇವತ್ತೋ ನಾಳೆಯೋ ನಿಮ್ಮ ಮಗನನ್ನೂ ಸೊಸೆಯನ್ನೂ ಅಂಥ ಕೋಣೆಗೆ ಕರೆಯುತ್ತಾರೆ.

ಐದು ವರ್ಷ ಸತತ ಸೇವೆ ಮುಗಿದಿದ್ದರೆ, ರಾಜೀನಾಮೆ ಕೊಟ್ಟಿದ್ದರೂ ಗ್ರಾಚ್ಯುಟಿ ನಿಮ್ಮ ಹಕ್ಕು. ರಾಜೀನಾಮೆ ಕೊಟ್ಟರೆ ಸಿಗುವುದಿಲ್ಲ ಎಂದು ನಂಬಿ ಕೈಬಿಟ್ಟವರನ್ನು ನಾನೇ ನೋಡಿದ್ದೇನೆ. ಕಡೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ದುಡಿದ ವರ್ಷಗಳಿಂದ ಗುಣಿಸಬೇಕು. ಆ ವೇತನ 26,000 ರೂಪಾಯಿ ಇದ್ದರೆ ವರ್ಷಕ್ಕೆ 15,000, ಆರು ವರ್ಷಕ್ಕೆ 90,000. ಕೊನೆಯ ವರ್ಷದಲ್ಲಿ ಆರು ತಿಂಗಳು ದಾಟಿದ್ದರೆ ಅದನ್ನೂ ಪೂರ್ತಿ ವರ್ಷವೆಂದು ಹಿಡಿಯುತ್ತಾರೆ. 1972ರ ಕಾಯ್ದೆಯ, ವರ್ಷಕ್ಕೆ ಹದಿನೈದು ದಿನದ ಈ ಲೆಕ್ಕ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮುಂದುವರಿದಿದೆ. ಹಣವನ್ನು 30 ದಿನಗಳೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು. ಕೊಡದಿದ್ದರೆ ಕಾರ್ಮಿಕ ಇಲಾಖೆಯ ಅಧಿಕಾರಿಗೆ ದೂರು ಕೊಡಬಹುದು. ನನಗೆ ಮೊದಲು ಬರಲಿಲ್ಲ. ಲೆಕ್ಕವನ್ನು ಬಿಡಿಸಿ ಬರೆದು, ಕಾಯ್ದೆಯ ಹೆಸರು ಹಾಕಿ, ಭಿಕ್ಷೆಯಂತೆ ಬೇಡದೆ, ಕೊಟ್ಟ ಸಾಲ ವಾಪಸು ಕೇಳುವವಳಂತೆ ಕೇಳಿದ ಮೇಲೆ ಬಂತು.

ಪಿಎಫ್‌ನಲ್ಲಿ ಕೆಲಸ ಬಿಟ್ಟ ತಾರೀಖನ್ನು ಕಂಪನಿ ಹಾಕದೆ ಸತಾಯಿಸಿದರೆ, ಕೊನೆಯ ವಂತಿಗೆಯಾಗಿ ಎರಡು ತಿಂಗಳ ಬಳಿಕ ಸದಸ್ಯರೇ ಆನ್‌ಲೈನಿನಲ್ಲಿ ದಾಖಲಿಸಬಹುದು. ಬಲವಂತದಿಂದ ಬರೆಸಿಕೊಂಡ ರಾಜೀನಾಮೆ ರಾಜೀನಾಮೆಯಲ್ಲ ಎಂದು ನ್ಯಾಯಾಲಯಗಳು ಹೇಳಿವೆ. ಬಲವಂತವಿತ್ತು ಎಂದು ತೋರಿಸುವ ಹೊಣೆ ಮಾತ್ರ ನೌಕರರದ್ದು. ಆದ್ದರಿಂದ ಸಹಿ ಹಾಕಲೇಬೇಕಾಗಿ ಬಂದರೂ ಕಾಗದದ ಫೋಟೊ ತೆಗೆದುಕೊಳ್ಳಲಿ, ಕೋಣೆಯಲ್ಲಿ ಏನು ಹೇಳಿದರು ಎಂಬುದನ್ನು ಅದೇ ದಿನ ಕಂಪನಿಯವರಿಗೇ ಮಿಂಚಂಚೆಯಲ್ಲಿ ಬರೆದು ಕಳುಹಿಸಲಿ, ಒಂದು ಪ್ರತಿ ಸ್ವಂತ ವಿಳಾಸಕ್ಕೂ ಹೋಗಲಿ. ಬೆಂಗಳೂರಿನಲ್ಲಿ ಐಟಿ ನೌಕರರದ್ದೇ ಒಂದು ಸಂಘವಿದೆ, ಕೆಐಟಿಯು, 2017ರಿಂದ. ಆ ದಿನ ನಮ್ಮ ಮಹಡಿಯಲ್ಲಿ ಅದರ ಹೆಸರು ಹೇಳಿದವರು ಒಬ್ಬರೂ ಇರಲಿಲ್ಲ. "ಸಂಘ ಇಲ್ಲದ ಕಡೆ ಇಷ್ಟು ವರ್ಷ ಹೇಗೆ ದುಡಿದಿರಿ?" ಎಂದು ದೊಡ್ಡಪ್ಪ ಆ ರಾತ್ರಿ ನಿಜವಾದ ಅಚ್ಚರಿಯಿಂದ ಕೇಳಿದ್ದರು.

ಸಂದರ್ಶನಗಳಲ್ಲೂ ಅದೇ ಪ್ರಶ್ನೆ, ನಯವಾದ ದನಿಯಲ್ಲಿ: ಹಿಂದಿನ ಕೆಲಸ ಬಿಡಲು ಕಾರಣ? ನಮ್ಮ ಮನೆಯಲ್ಲಿ ಸಿಗ್ನಲ್ ನಿಲ್ಲುವುದಿಲ್ಲ, ಮಳೆ ಬಂದರೆ ಕರೆಂಟೂ ಇಲ್ಲ. ಹಾಗಾಗಿ ರಿಪ್ಪನ್‌ಪೇಟೆಯಲ್ಲಿ ಗೆಳತಿಯ ಜೆರಾಕ್ಸ್ ಅಂಗಡಿಯ ಒಳಕೋಣೆಯಲ್ಲಿ ಕುಳಿತು ಉತ್ತರಿಸುತ್ತೇನೆ. ಮೊದಮೊದಲು "ವೈಯಕ್ತಿಕ ಕಾರಣ" ಎನ್ನುತ್ತಿದ್ದೆ, ಪತ್ರದಲ್ಲಿ ಹಾಗಿದೆಯಲ್ಲ ಎಂದು. ಈಗ "ಗ್ರಾಹಕರು ಹೋದರು, ವಿಭಾಗ ಕಿರಿದಾಯಿತು, ರಾಜೀನಾಮೆ ಕೇಳಿದರು, ಕೊಟ್ಟೆ" ಎನ್ನುತ್ತೇನೆ. ಇದನ್ನು ಕೇಳಿ ಮುಖ ಗಂಟಿಕ್ಕಿದವರಿದ್ದಾರೆ. "ನಮ್ಮಲ್ಲೂ ಅದೇ ನಡೆಯುತ್ತಿದೆ" ಎಂದು ದನಿ ತಗ್ಗಿಸಿ ಹೇಳಿದವರೂ ಇದ್ದಾರೆ. ಕೆಲಸ ಕೊಡುವ ಮೊದಲೇ ನೋಂದಣಿ ಶುಲ್ಕ, ಲ್ಯಾಪ್‌ಟಾಪಿನ ಠೇವಣಿ ಎಂದು ಹಣ ಕೇಳುವ ಕಳ್ಳರೂ ಈ ದಾರಿಯಲ್ಲೇ ನಿಂತಿರುತ್ತಾರೆ. ಅವರಿಗೆ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಸದ್ಯಕ್ಕೆ ಸಾಗರದ ಕೆಲವು ಅಡಿಕೆ ವ್ಯಾಪಾರಿಗಳ ಮತ್ತು ಅಂಗಡಿಯವರ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ರಿಟರ್ನ್ ಸಲ್ಲಿಸುವ ಕೊನೆಯ ದಿನಗಳಾದ ತಿಂಗಳ 11 ಮತ್ತು 20ನೆಯ ತಾರೀಖುಗಳ ಸುತ್ತ ಉಸಿರಾಡಲು ಬಿಡುವಿರುವುದಿಲ್ಲ. ಬೆಂಗಳೂರಿನ ಸಂಬಳಕ್ಕೆ ಇದು ಸಮನಲ್ಲ, ಆದರೆ ಸಾಲದ ಕಂತು ತಪ್ಪಿಲ್ಲ. ಇದನ್ನು "ಮನೆಯಲ್ಲೇ ಇದ್ದಾಳೆ" ಎಂದು ಕರೆಯಬೇಡಿ.

ಮತ್ತೆ ಬೆಂಗಳೂರಿಗೆ ಹೋಗುತ್ತೀಯಾ ಎಂದು ಕೊನೆಯಲ್ಲಿ ಕೇಳುತ್ತಾರೆ. ಹೋಗುತ್ತೇನೆ. ಒಳ್ಳೆಯ ಕೆಲಸಕ್ಕೆ ಕರೆದರೆ ನಾಳೆ ರಾತ್ರಿಯ ಬಸ್ಸಿಗೇ ಹೊರಡುತ್ತೇನೆ. ನೇಮಕಾತಿ ಪತ್ರದಲ್ಲಿ ನೋಟಿಸ್ ಅವಧಿಯ ಕಲಮನ್ನು ಮೊದಲು ಓದಿ, ಅರ್ಥವಾಗದ್ದನ್ನು ದೊಡ್ಡಪ್ಪನಿಗೆ ಫೋನ್ ಮಾಡಿ ಕೇಳಿ, ಆಮೇಲೆ ಸಹಿ ಹಾಕುತ್ತೇನೆ.