ಎಸ್‌ಎಸ್‌ಎಂಎಸ್‌ನಲ್ಲಿ ಹೊರಗಿನ ಟೂಲ್‌ಗೆ ಶಾರ್ಟ್‌ಕಟ್: ಸರ್ವರ್ ಯಾವುದು ನೋಡಿಕೊಳ್ಳಿ

ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ಮಂಡಿಯಾಗಲಿ, ಭೀಮಸಮುದ್ರದ ಅಡಿಕೆ ವ್ಯಾಪಾರವಾಗಲಿ, ಲೆಕ್ಕ ಎಸ್‌ಕ್ಯುಎಲ್ ಸರ್ವರ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿದ್ದರೆ ಪರೀಕ್ಷೆಗೊಂದು, ವ್ಯವಹಾರಕ್ಕೊಂದು ಎಂದು ಎರಡು ಸರ್ವರ್ ಇಟ್ಟುಕೊಳ್ಳುವುದು ಒಳ್ಳೆಯದು. ಆಗ ಒಂದು ಮಾತು ಮರೆಯಬಾರದು. ಎಸ್‌ಎಸ್‌ಎಂಎಸ್‌ನ (ಎಸ್‌ಕ್ಯುಎಲ್ ಸರ್ವರ್ ಮ್ಯಾನೇಜ್‌ಮೆಂಟ್ ಸ್ಟುಡಿಯೋ) ಎಕ್ಸ್‌ಟರ್ನಲ್ ಟೂಲ್ಸ್‌ನಲ್ಲಿ, ಅಂದರೆ ಹೊರಗಿನ ಪ್ರೋಗ್ರಾಂಗಳ ಪಟ್ಟಿಯಲ್ಲಿ, ಸೇರಿಸಿದ ಪ್ರೋಗ್ರಾಂಗೆ ನಿಮ್ಮ ಕ್ವೆರಿ ವಿಂಡೋ ಯಾವ ಸರ್ವರ್‌ಗೆ ಕನೆಕ್ಟ್ ಆಗಿದೆ ಎಂಬುದು ತಿಳಿಯದು. ಆರ್ಗ್ಯುಮೆಂಟ್ಸ್‌ನಲ್ಲಿ (ಪ್ರೋಗ್ರಾಂಗೆ ಕೊಡುವ ಸೂಚನೆಗಳ ಸಾಲಿನಲ್ಲಿ) ಬರೆದ ಸರ್ವರ್ ಮೇಲೇ ಅದು ಓಡುತ್ತದೆ.

ಟೂಲ್ಸ್ ಮೆನುವಿನಲ್ಲಿ ಎಕ್ಸ್‌ಟರ್ನಲ್ ಟೂಲ್ಸ್ ತೆರೆದು ಆಡ್ ಒತ್ತಿ. ಟೈಟಲ್‌ನಲ್ಲೇ ಸರ್ವರ್ ಹೆಸರು ಬರೆಯಿರಿ; 'ಸ್ಕ್ರಿಪ್ಟ್ ಓಡಿಸು' ಅಂತಷ್ಟೇ ಬರೆದರೆ ಸಾಲದು. ಕಮಾಂಡ್‌ನಲ್ಲಿ ಎಸ್‌ಕ್ಯುಎಲ್‌ಸಿಎಂಡಿಯ (sqlcmd, ಸ್ಕ್ರಿಪ್ಟ್ ಫೈಲ್ ಓಡಿಸುವ ಕಮಾಂಡ್‌ಲೈನ್ ಪ್ರೋಗ್ರಾಂ) ಪೂರ್ತಿ ಪಾತ್ ಕೊಡಿ. ಆರ್ಗ್ಯುಮೆಂಟ್ಸ್‌ನಲ್ಲಿ ದೊಡ್ಡ ಎಸ್ (-S) ಮುಂದೆ ಸರ್ವರ್, ಸಣ್ಣ ಡಿ (-d) ಮುಂದೆ ಡೇಟಾಬೇಸ್, ವಿಂಡೋಸ್ ಲಾಗಿನ್‌ಗೆ ದೊಡ್ಡ ಇ (-E), ಸಣ್ಣ ಐ (-i) ಮುಂದೆ ಫೈಲ್. ಫೈಲ್ ಹೆಸರು ಟೈಪ್ ಮಾಡಬೇಕಿಲ್ಲ, ಪಕ್ಕದ ಬಾಣ ಒತ್ತಿ ಐಟಂ ಪಾತ್ (ತೆರೆದಿರುವ ಫೈಲಿನ ಪಾತ್) ಆರಿಸಿ, ಸುತ್ತ ಡಬಲ್ ಕೋಟ್ ಹಾಕಿ. ಫೋಲ್ಡರ್ ಹೆಸರಿನಲ್ಲಿ ಸ್ಪೇಸ್ ಇದ್ದು ಕೋಟ್ ಇಲ್ಲದಿದ್ದರೆ ಪಾತ್ ಅಲ್ಲೇ ತುಂಡಾಗುತ್ತದೆ. ಓಡಿಸುವ ಮುಂಚೆ ಕಂಟ್ರೋಲ್ ಎಸ್ ಒತ್ತುವ ಅಭ್ಯಾಸ ಬೇಕು. ಟೂಲ್ ಓದುವುದು ಡಿಸ್ಕ್‌ನಲ್ಲಿರುವ ಫೈಲನ್ನು, ಪರದೆಯನ್ನಲ್ಲ.

ದೊಡ್ಡ ಐ (-I) ಕೂಡ ಸೇರಿಸಿ. ಎಸ್‌ಎಸ್‌ಎಂಎಸ್‌ನಲ್ಲಿ ಕೋಟೆಡ್ ಐಡೆಂಟಿಫೈಯರ್ (ಡಬಲ್ ಕೋಟ್‌ನಲ್ಲಿರುವುದನ್ನು ಟೇಬಲ್, ಕಾಲಂ ಹೆಸರೆಂದು ಓದುವ ಸೆಟ್ಟಿಂಗ್) ಆನ್ ಇರುತ್ತದೆ, ಎಸ್‌ಕ್ಯುಎಲ್‌ಸಿಎಂಡಿಯಲ್ಲಿ ಆಫ್. ಫಿಲ್ಟರ್ಡ್ ಇಂಡೆಕ್ಸ್ (ಷರತ್ತಿಗೆ ಹೊಂದುವ ಸಾಲುಗಳಿಗಷ್ಟೇ ಮಾಡಿದ ಇಂಡೆಕ್ಸ್) ಇರುವ ಟೇಬಲ್‌ಗೆ ಇನ್ಸರ್ಟ್ ಮಾಡಿದಾಗ 'ಅಲ್ಲಿ ಓಡಿತು, ಇಲ್ಲಿ ಓಡಲ್ಲ' ಎನ್ನುವ ತಲೆನೋವಿಗೆ ಮೂಲ ಇದೇ. ಸಣ್ಣ ಬಿ (-b) ಹಾಕಿದರೆ ತಪ್ಪು ಬಂದಲ್ಲಿ ಸ್ಕ್ರಿಪ್ಟ್ ನಿಲ್ಲುತ್ತದೆ. ಆದರೆ ಅದಕ್ಕೆ ಮುಂಚೆ ಆದ ಬದಲಾವಣೆ ಹಾಗೇ ಉಳಿಯುತ್ತದೆ, ಅದು ರದ್ದಾಗಬೇಕೆಂದರೆ ಟ್ರಾನ್ಸಾಕ್ಷನ್ (ಆದರೆ ಎಲ್ಲವೂ, ಇಲ್ಲದಿದ್ದರೆ ಯಾವುದೂ ಇಲ್ಲ ಎನ್ನುವ ಕಟ್ಟು) ನೀವೇ ಬರೆಯಬೇಕು.

ರೈತರ ಹೆಸರು ಕನ್ನಡದಲ್ಲಿದ್ದರೆ ಮೂರು ಕಡೆ ಎಚ್ಚರ ಬೇಕು. ಕಾಲಂ ಎನ್‌ವಾರ್‌ಚಾರ್ (ಯುನಿಕೋಡ್ ಅಕ್ಷರ ಹಿಡಿಯುವ ಬಗೆ) ಆಗಿರಲಿ, ಸ್ಟ್ರಿಂಗ್ ಮುಂದೆ ದೊಡ್ಡ ಎನ್ ಇರಲಿ. ಫೈಲನ್ನು 'ಸೇವ್ ವಿತ್ ಎನ್‌ಕೋಡಿಂಗ್'ನಲ್ಲಿ ಯುಟಿಎಫ್-8 ಆಗಿ ಉಳಿಸಿ, ಆರ್ಗ್ಯುಮೆಂಟ್ಸ್‌ಗೆ ಸಣ್ಣ ಎಫ್ 65001 (-f 65001, ಯುಟಿಎಫ್-8ರ ಸಂಖ್ಯೆ) ಸೇರಿಸಿ. ಎನ್ ಬಿಟ್ಟುಹೋದರೆ 'ಬಸವರಾಜ' ಪ್ರಶ್ನೆಚಿಹ್ನೆಗಳ ಸಾಲಾಗಿ ಟೇಬಲ್‌ಗೆ ಇಳಿಯಬಹುದು. ಆಮೇಲೆ ಆ ಹೆಸರನ್ನು ಮರಳಿ ಪಡೆಯಲು ದಾರಿಯಿಲ್ಲ.

ಇನ್ನು ಕೀ. ಆಪ್ಷನ್ಸ್‌ನಲ್ಲಿ ಎನ್ವಿರಾನ್‌ಮೆಂಟ್, ಕೀಬೋರ್ಡ್ ತೆರೆದು ಟೂಲ್ಸ್ ಡಾಟ್ ಎಕ್ಸ್‌ಟರ್ನಲ್‌ಕಮಾಂಡ್1 ಹುಡುಕಿ, ಕೀ ಒತ್ತಿ, ಅಸೈನ್ ಕೊಡಿ. ಆ ಕೀ ಈಗಾಗಲೇ ಯಾವುದಕ್ಕೆ ಬಳಕೆಯಲ್ಲಿದೆ ಎಂದು ಅಲ್ಲೇ ಕಾಣುತ್ತದೆ. ಎಫ್5 ಮಾತ್ರ ಮುಟ್ಟಬೇಡಿ, ಅದು ಕ್ವೆರಿ ಓಡಿಸುವ ಕೀ. ದೊಡ್ಡ ಅಪಾಯ ಎಕ್ಸ್‌ಟರ್ನಲ್‌ಕಮಾಂಡ್1ರ ಆ ಕೊನೆಯ ಅಂಕಿಯದು. ಅದು ಪಟ್ಟಿಯಲ್ಲಿನ ಸ್ಥಾನ, ಟೂಲ್‌ನ ಗುರುತಲ್ಲ. ಪರೀಕ್ಷೆಯ ಟೂಲ್ ಮೊದಲು, ವ್ಯವಹಾರದ್ದು ಎರಡನೆಯದು ಎಂದುಕೊಳ್ಳಿ; ಮೂವ್ ಅಪ್ ಒತ್ತಿ ಎರಡನೆಯದನ್ನು ಮೇಲೆ ತಂದರೆ ಪರೀಕ್ಷೆಯ ಕೀ ವ್ಯವಹಾರದ ಸರ್ವರ್‌ಗೆ ಅಂಟಿಕೊಳ್ಳುತ್ತದೆ. ಹಾಗಾಗಿ ವ್ಯವಹಾರದ ಸರ್ವರ್‌ಗೆ ಕೀ ಕೊಡದಿರುವುದೇ ಲೇಸು. ಮೆನುವಿನಿಂದಲೇ ಓಡಿಸಿ, 'ಪ್ರಾಂಪ್ಟ್ ಫಾರ್ ಆರ್ಗ್ಯುಮೆಂಟ್ಸ್' ಟಿಕ್ ಮಾಡಿ. ಆಗ ಪ್ರತಿಸಲವೂ ಸರ್ವರ್ ಹೆಸರು ಕಣ್ಣಿಗೆ ಬೀಳುತ್ತದೆ.

ಬರೀ ಟೇಬಲ್ ನೋಡುವುದಕ್ಕೆ ಇಷ್ಟೆಲ್ಲ ಬೇಡ, ಕ್ವೆರಿ ಶಾರ್ಟ್‌ಕಟ್ಸ್ ಸಾಕು; ಅವು ವಿಂಡೋದ ಕನೆಕ್ಷನ್ ಮೇಲೇ ಓಡುತ್ತವೆ. ಕಂಟ್ರೋಲ್ 3ಕ್ಕೆ 'ಸೆಲೆಕ್ಟ್ ಟಾಪ್ 10 ಸ್ಟಾರ್ ಫ್ರಂ' (SELECT TOP 10 * FROM) ಬರೆದು ಕೊನೆಗೊಂದು ಸ್ಪೇಸ್ ಬಿಡಿ, ಟೇಬಲ್ ಹೆಸರು ಸೆಲೆಕ್ಟ್ ಮಾಡಿ ಒತ್ತಿ. ಆಗಲೇ ತೆರೆದಿದ್ದ ವಿಂಡೋದಲ್ಲಿ ಇದು ಕೆಲಸ ಮಾಡುವುದಿಲ್ಲ, ಹೊಸದನ್ನು ತೆರೆಯಿರಿ.